ಬರಲಿರುವ ಯಂತ್ರದ ಬಲಾಬಲ

ಪ್ರತಿ ವರ್ಷವೂ ಜನವರಿಯ ಮೊದಲ ದಿನಗಳಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ವಿದ್ಯುನ್ಮಾನ ವಸ್ತುಗಳ ಮಹಾಪ್ರದರ್ಶನವೊಂದು ನೆರೆಯುತ್ತದೆ. ಆ ವರ್ಷದ ಲ್ಯಾಪ್‌ಟಾಪುಗಳ ಒಡಲನ್ನು ಸೇರಲಿರುವ ಗ್ರಾಫಿಕ್ಸ್ ಕಾರ್ಡುಗಳ ನಾಮಧೇಯಗಳು ಬಹುಮಟ್ಟಿಗೆ ಅಲ್ಲಿಯೇ ಪ್ರಕಟವಾಗುತ್ತವೆ. ಆದರೆ ಆ ಪ್ರಕಟಣೆಗೆ ತಿಂಗಳುಗಳ ಮೊದಲೇ, ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಆಸುಪಾಸಿನ ಕಂಪ್ಯೂಟರ್ ಅಂಗಡಿಗಳಲ್ಲಿ, ಬೈಂದೂರಿನಲ್ಲಿ ಮದುವೆಯ ವೀಡಿಯೋಗಳನ್ನು ಜೋಡಿಸುವ ಸ್ಟುಡಿಯೋಗಳಲ್ಲಿ, ಬ್ರಹ್ಮಾವರದಿಂದ ಮಣಿಪಾಲದ ಕಡೆಗೆ ಬಸ್ಸು ಹತ್ತುವ ವಿದ್ಯಾರ್ಥಿಗಳ ನಡುವೆ, "ಈಗ್ಳೇ ತಕಂಬುದಾ, ಹೊಸ್ತ್ ಬಪ್ಪು ವರಿಗೆ ಕಾಂಬುದಾ?" ಎಂಬ ಪ್ರಶ್ನೆ ಎದ್ದು, ಅದರ ಬೆನ್ನಿಗೇ ಬರಲಿರುವ ಕಾರ್ಡಿನ ಬಲಾಬಲವನ್ನು ಕುರಿತ ಊಹಾಪೋಹಗಳು ಬೆಳೆಯತೊಡಗುತ್ತವೆ. ಒಂದು ಲಕ್ಷ ರೂಪಾಯಿಗಳಿಗೆ ಮೀರಿದ ಹಣವನ್ನು ಮಧ್ಯಮವರ್ಗದ ಗೃಹಸ್ಥನೊಬ್ಬನು ಮಗನ ವಿದ್ಯೆಗಾಗಿಯೋ, ತನ್ನ ಕಸುಬಿಗಾಗಿಯೋ ವ್ಯಯಮಾಡಬೇಕಾದಾಗ, ಇನ್ನೂ ಕಣ್ಣಿಗೆ ಬೀಳದ ವಸ್ತುವಿನ ಸಾಮರ್ಥ್ಯವನ್ನು ಮೊದಲೇ ತೂಗಿ ನೋಡುವ ಪ್ರವೃತ್ತಿ ಹುಟ್ಟುವುದು ಸಹಜವೇ ಆಗಿದೆ. ಈ ಪದ್ಧತಿಗೆ ಈಗ ಕಾಲು ಶತಮಾನದ ಇತಿಹಾಸವುಂಟು. ಆ ಇತಿಹಾಸವನ್ನು ಪರಿಶೀಲಿಸಿದವರಿಗೆ ಜನರ ಅಂದಾಜುಗಳು ಯಾವ ಸ್ಥಾನದಲ್ಲಿ ಪದೇ ಪದೇ ಎಡವಿದುವೆಂಬುದು ಬಹು ಸ್ಪಷ್ಟವಾಗಿ ಕಾಣಬರುತ್ತದೆ. ಹೆಸರನ್ನು ನಂಬಿ ಅಳೆದವರು ತಪ್ಪಿದರು. ಶಾಖವನ್ನು ನೋಡಿ ಅಳೆದವರು ಬಹುಮಟ್ಟಿಗೆ ಗೆದ್ದರು.

ಕುಂದಾಪುರ, ಬೈಂದೂರು, ಬ್ರಹ್ಮಾವರವೆಂಬ ಈ ಮೂರು ತಾಲ್ಲೂಕುಗಳ ಪೂರ್ವವೃತ್ತಾಂತವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬಸರೂರು, ಬಾರಕೂರುಗಳು ವಾಣಿಜ್ಯಕ್ಕೆ ಹೆಸರಾಗಿದ್ದ ಕಾಲ ಬೇರೆ. ಈಗಿನ ಆಡಳಿತದ ಮೇರೆಗಳು ಈಚಿನವು. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರ್ಪಟ್ಟಿತು. 2018ರಲ್ಲಿ ಬೈಂದೂರು ಕುಂದಾಪುರದಿಂದಲೂ, ಬ್ರಹ್ಮಾವರ ಉಡುಪಿಯಿಂದಲೂ ಪ್ರತ್ಯೇಕ ತಾಲ್ಲೂಕುಗಳಾದುವು. ಕಂಪ್ಯೂಟರು ಈ ನಾಡಿನ ಮನೆಗಳನ್ನು ಪ್ರವೇಶಿಸಿದ್ದು ಮುಖ್ಯವಾಗಿ ವಿದ್ಯಾಭ್ಯಾಸದ ಮಾರ್ಗದಿಂದ. ಮಣಿಪಾಲದ ತಾಂತ್ರಿಕ ವಿದ್ಯಾಲಯ 1957ರಷ್ಟು ಹಳೆಯದು, ಸುರತ್ಕಲ್ಲಿನದು 1960ರದು. ಅಲ್ಲಿ ಓದಿ ಬಂದವರಿಂದಲೂ, ಬೆಂಗಳೂರು ಮುಂಬಯಿಗಳಲ್ಲಿ ದುಡಿದು ರಜೆಗೆ ಊರಿಗೆ ಬರುವವರಿಂದಲೂ ಯಂತ್ರಗಳೂ ಯಂತ್ರಗಳ ವಿಚಾರವಾದ ಮಾತುಗಳೂ ಹಳ್ಳಿ ಹಳ್ಳಿಗೆ ತಲುಪಿದುವು. ಹೊರಗೆ ದುಡಿಯುವವನಿಗೂ ಹಾಸ್ಟೆಲಿನಲ್ಲಿ ಓದುವವನಿಗೂ ಮೇಜಿನ ಮೇಲೆ ಶಾಶ್ವತವಾಗಿ ಕುಳಿತುಕೊಳ್ಳುವ ಯಂತ್ರಕ್ಕಿಂತ ಚೀಲದಲ್ಲಿ ಬರುವ ಯಂತ್ರವೇ ಹೆಚ್ಚು ಉಪಯುಕ್ತವಾದುದರಿಂದ, ಜೂನ್ ತಿಂಗಳ ಮಳೆಗಾಳಿಗೆ ವಿದ್ಯುತ್ತು ಕೈಕೊಡುವ ಸೀಮೆಯಲ್ಲಿ ಬ್ಯಾಟರಿಯ ಆಶ್ರಯವೂ ದೊಡ್ಡದೆಂದು ತೋರಿದುದರಿಂದ, ಲ್ಯಾಪ್‌ಟಾಪು ಇಲ್ಲಿ ಆಡಂಬರದ ವಸ್ತುವಾಗಿ ಉಳಿಯದೆ ಅವಶ್ಯಕತೆಯಾಯಿತು.

ಚಿತ್ರಗಳನ್ನು ರಚಿಸುವ ಶಕ್ತಿ ಆ ಯಂತ್ರಕ್ಕೆ ಏಕೆ ಬೇಕೆಂಬುದಕ್ಕೂ ಇಲ್ಲಿ ಸ್ಥಳೀಯವಾದ ಕಾರಣಗಳಿವೆ. 1996ರಲ್ಲಿ ಉಡುಪಿಯಲ್ಲಿ ರೋಹಿತ್ ಭಟ್ಟರು ಸ್ಥಾಪಿಸಿದ ರೋಬೋಸಾಫ್ಟ್ ಸಂಸ್ಥೆ, ಮಹಾನಗರಗಳ ಹಂಗಿಲ್ಲದೆಯೂ ಕರಾವಳಿಯ ಊರೊಂದರಲ್ಲಿ ತಂತ್ರಾಂಶವನ್ನು ರಚಿಸಿ ಲೋಕಕ್ಕೆ ಒದಗಿಸಬಹುದೆಂಬುದನ್ನು ತೋರಿಸಿಕೊಟ್ಟಿತು. ಅದರಿಂದಲೇ 2008ರಲ್ಲಿ ಉದಿಸಿದ 99ಗೇಮ್ಸ್ ಎಂಬ ಸಂಸ್ಥೆ ಆಟಗಳನ್ನೇ ಉದ್ಯಮವಾಗಿ ಮಾಡಿಕೊಂಡಿತು. ಗ್ರಾಫಿಕ್ಸ್ ಎಂದರೆ ಬಿಡುವಿನ ವಿನೋದವೆಂದು ಭಾವಿಸಿದ್ದ ತಂದೆತಾಯಿಗಳಿಗೆ ಅದರಿಂದ ಅನ್ನವೂ ಹುಟ್ಟೀತೆಂಬ ನಂಬಿಕೆ ಬಂದುದು ಇಂತಹ ಉದಾಹರಣೆಗಳಿಂದ. ಕುಂದಾಪುರದ ಆಡುಮಾತಿನಲ್ಲಿಯೇ 2016ರಲ್ಲಿ 'ಬಿಲಿಂಡರ್' ಚಿತ್ರವನ್ನು ನಿರ್ದೇಶಿಸಿದ ರವಿ ಬಸ್ರೂರರು ತಮ್ಮ ಊರಿನಲ್ಲಿಯೇ ಸ್ಟುಡಿಯೋ ಕಟ್ಟಿಕೊಂಡು ದೊಡ್ಡ ಚಿತ್ರಗಳಿಗೆ ಸಂಗೀತ ನೀಡಿದರು. ಕೆರಾಡಿಯ ರಿಷಬ್ ಶೆಟ್ಟರು 2022ರ 'ಕಾಂತಾರ'ವನ್ನು ತಮ್ಮ ಹುಟ್ಟೂರಿನ ಪರಿಸರದಲ್ಲಿಯೇ ಚಿತ್ರೀಕರಿಸಿದರು. ಇವರನ್ನು ನೋಡಿ ಬೆಳೆದ ತರುಣರು ಯಕ್ಷಗಾನದ ರಾತ್ರಿಗಳನ್ನು ಚಿತ್ರೀಕರಿಸಿ ಬಣ್ಣ ತಿದ್ದುತ್ತಾರೆ, ಕಿರುಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತಾರೆ, ಮನೆಯ ನಕ್ಷೆಗೆ ಮೂರು ಆಯಾಮಗಳ ರೂಪ ಕೊಡುತ್ತಾರೆ. ಇವರೆಲ್ಲರಿಗೂ ಗ್ರಾಫಿಕ್ಸ್ ಕಾರ್ಡಿನ ಬಲವೆಂದರೆ ಕಾಯುವ ಹೊತ್ತಿನ ಉಳಿತಾಯ, ಆದಕಾರಣ ಸಂಪಾದನೆಯ ಪ್ರಶ್ನೆ.

ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದು, ಕನ್ನಡದ ಸಾಮಾನ್ಯ ಓದುಗನಿಗೆ ವಿಜ್ಞಾನದ ಯಾವ ವಿಷಯವೂ ನಿಷಿದ್ಧವಲ್ಲವೆಂದು ಸಾಧಿಸಿದವರು. ಆ ನೆಲದ ಮಕ್ಕಳು ತಾವು ಕೊಳ್ಳುವ ಯಂತ್ರದ ಒಳಗಿನ ನ್ಯಾಯವನ್ನು ತಿಳಿಯದೆ, ಡಬ್ಬದ ಮೇಲಿನ ಸಂಖ್ಯೆಯೊಂದನ್ನೇ ಪ್ರಮಾಣವಾಗಿ ಹಿಡಿಯುವುದು ನನಗೆ ಖೇದವನ್ನುಂಟುಮಾಡುತ್ತದೆ. ಈ ಬರಹಕ್ಕೆ ಅದೇ ಪ್ರೇರಣೆ.

ಲ್ಯಾಪ್‌ಟಾಪಿನ ಚಿತ್ರಶಕ್ತಿಯ ವಿಚಾರದಲ್ಲಿ ಊಹೆಗೆ ಆಸ್ಪದವೇ ಇಲ್ಲದಿದ್ದ ಕಾಲವೊಂದಿತ್ತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅವುಗಳೊಳಗಿದ್ದುದು ಬಹುಮಟ್ಟಿಗೆ ನಿಯೋಮ್ಯಾಜಿಕ್ ಮುಂತಾದ ಸಂಸ್ಥೆಗಳ ಮಿತವ್ಯಯದ ಚಿಪ್ಪುಗಳು. ಅಕ್ಷರಗಳನ್ನೂ ಕಿಟಕಿಗಳನ್ನೂ ಪರದೆಯ ಮೇಲೆ ಮೂಡಿಸುವುದೇ ಅವುಗಳ ಕಾರ್ಯವಾಗಿತ್ತು. ಮೂರು ಆಯಾಮಗಳ ದೃಶ್ಯವನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಗಣಿಸಿ ತೋರಿಸುವ ವಿದ್ಯೆ ಆಗ ಮೇಜಿನ ಕಂಪ್ಯೂಟರಿನ ಸ್ವತ್ತು. 1993ರಲ್ಲಿ ಜೆನ್ಸನ್ ಹುವಾಂಗ್, ಕ್ರಿಸ್ ಮಲಕೋವ್‌ಸ್ಕಿ, ಕರ್ಟಿಸ್ ಪ್ರೀಮ್ ಎಂಬ ಮೂವರು ಸ್ಥಾಪಿಸಿದ ಎನ್‌ವಿಡಿಯ 1999ರಲ್ಲಿ ಜೀಫೋರ್ಸ್ 256 ಎಂಬ ಕಾರ್ಡನ್ನು ಹೊರತಂದಿತು. ಮರುವರ್ಷ, 2000ದ ನವೆಂಬರಿನಲ್ಲಿ, ಜೀಫೋರ್ಸ್2 ಗೋ ಎಂಬ ಹೆಸರಿನಿಂದ ಆ ವಂಶದ ಮೊದಲ ಲ್ಯಾಪ್‌ಟಾಪ್ ಚಿಪ್ಪನ್ನು ಘೋಷಿಸಿತು. ಕೆನಡಾದ ಎಟಿಐ ಸಂಸ್ಥೆ 2001ರಲ್ಲಿ ಮೊಬಿಲಿಟಿ ರೇಡಿಯಾನ್ ಮೂಲಕ ಪ್ರತಿಸ್ಪರ್ಧಿಯಾಗಿ ನಿಂತಿತು. ಆ ಎಟಿಐಯನ್ನು 2006ರಲ್ಲಿ ಎಎಮ್‌ಡಿ ಕೊಂಡುಕೊಂಡಿತು. ಜೀಫೋರ್ಸ್2 ಗೋ ತನ್ನ ಅಣ್ಣನಾದ ಜೀಫೋರ್ಸ್2 ಎಮ್‌ಎಕ್ಸ್ ಕಾರ್ಡಿನ ರಚನೆಯನ್ನೇ ಪಡೆದಿದ್ದರೂ, ಅಣ್ಣನು 175 ಮೆಗಾಹರ್ಟ್ಸ್ ವೇಗದಲ್ಲಿ ನಡೆದರೆ ತಮ್ಮನು 143ರಲ್ಲಿ ನಡೆಯುತ್ತಿದ್ದನು. ಮುಂದಿನ ಇಪ್ಪತ್ತೈದು ವರ್ಷಗಳ ಕಥೆಯೆಲ್ಲವೂ ಈ ಅಂತರದಲ್ಲಿ ಬೀಜರೂಪವಾಗಿ ಅಡಗಿದೆ: ಹೆಸರು ಹತ್ತಿರ, ರಚನೆ ಹತ್ತಿರ, ವೇಗ ಮಾತ್ರ ದೂರ.

ಆ ದಿನಗಳಲ್ಲಿ ಊಹಿಸುವವನಿಗೆ ಕೈಹಿಡಿದು ನಡೆಸುವ ಎರಡು ಸೂತ್ರಗಳಿದ್ದುವು. ಗಾರ್ಡನ್ ಮೂರ್ 1965ರಲ್ಲಿ ಹೇಳಿ 1975ರಲ್ಲಿ ತಿದ್ದಿಕೊಂಡಂತೆ, ಒಂದು ಚಿಪ್ಪಿನೊಳಗೆ ಅಡಕವಾಗುವ ಟ್ರಾನ್ಸಿಸ್ಟರುಗಳ ಸಂಖ್ಯೆ ಸುಮಾರು ಎರಡು ವರ್ಷಗಳಿಗೊಮ್ಮೆ ಇಮ್ಮಡಿಯಾಗುವುದೆಂಬುದು ಮೊದಲನೆಯದು, ಇದು ಸರ್ವವಿದಿತ. ಎರಡನೆಯದನ್ನು ಬಲ್ಲವರು ಕಡಿಮೆ, ಆದರೆ ನಮ್ಮ ವಿಷಯಕ್ಕೆ ಅದೇ ಪ್ರಾಣಪ್ರಾಯವಾದುದು. ಐಬಿಎಮ್ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಆತನ ಸಂಗಡಿಗರು 1974ರಲ್ಲಿ ನಿರೂಪಿಸಿದಂತೆ, ಟ್ರಾನ್ಸಿಸ್ಟರನ್ನು ಕಿರಿದು ಮಾಡುತ್ತ ಹೋದಂತೆಲ್ಲ ಅದಕ್ಕೆ ಬೇಕಾದ ವೋಲ್ಟೇಜನ್ನೂ ಅದೇ ಅನುಪಾತದಲ್ಲಿ ಇಳಿಸಬಹುದು. ಆಗ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಹೆಚ್ಚು ವೇಗದಿಂದ ಕೆಲಸ ಮಾಡಿದರೂ ಒಟ್ಟು ಶಾಖ ಏರುವುದಿಲ್ಲ. ಈ ಎರಡು ಸೂತ್ರಗಳೂ ಜೊತೆಯಾಗಿ ನಡೆಯುತ್ತಿದ್ದಾಗ ಭವಿಷ್ಯವನ್ನು ಹೇಳುವುದು ಸುಲಭವಾಗಿತ್ತು. ಆದರೆ ಸುಮಾರು 2005ರ ವೇಳೆಗೆ ಎರಡನೆಯದು ಮುರಿದುಬಿದ್ದಿತು. ವೋಲ್ಟೇಜನ್ನು ಇನ್ನಷ್ಟು ಇಳಿಸಿದರೆ ಟ್ರಾನ್ಸಿಸ್ಟರು ಮುಚ್ಚಿರುವಾಗಲೂ ವಿದ್ಯುತ್ತು ಸೋರಿಹೋಗುತ್ತಿತ್ತು. ಇಳಿಸದೆ ವೇಗವನ್ನು ಏರಿಸಿದರೆ ಶಾಖ ಮಿತಿಮೀರುತ್ತಿತ್ತು. ಇಂಟೆಲ್ಲಿನ ಪೆಂಟಿಯಮ್ 4 ತನ್ನ ಓಟವನ್ನು 3.8 ಗಿಗಾಹರ್ಟ್ಸ್‌ನಲ್ಲಿ ನಿಲ್ಲಿಸಿ, ವಾಗ್ದಾನ ಮಾಡಿದ್ದ 4ನ್ನು ಮುಟ್ಟದೆ ಹೋದದ್ದು ಈ ಕಾರಣದಿಂದಲೇ.

ಇದರ ಗಣಿತ ಸರಳವಾಗಿದ್ದು, ತುಸು ತಾಳ್ಮೆಯಿಂದ ತಿಳಿಯತಕ್ಕದ್ದಾಗಿದೆ. ಚಿಪ್ಪು ಸೇವಿಸುವ ವಿದ್ಯುತ್ತು ಅದರ ವೇಗದೊಡನೆ ಏರುತ್ತದೆ, ವೋಲ್ಟೇಜಿನ ವರ್ಗದೊಡನೆಯೂ ಏರುತ್ತದೆ. ವೇಗ ಹೆಚ್ಚಾಗಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ, ಒಟ್ಟಿನಲ್ಲಿ ವಿದ್ಯುತ್ತಿನ ವೆಚ್ಚ ವೇಗದ ಘನಕ್ಕೆ ಸಮೀಪವಾಗಿ ಬೆಳೆಯುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ವಿದ್ಯುತ್ತನ್ನು ಅರ್ಧಕ್ಕೆ ಇಳಿಸಿದರೂ ವೇಗ ಅರ್ಧಕ್ಕೆ ಇಳಿಯದೆ ಐದರಲ್ಲಿ ನಾಲ್ಕು ಪಾಲಿನಷ್ಟು ಉಳಿಯುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡು ಎಂಬ ವಸ್ತು ಲೋಕದಲ್ಲಿ ಸಾಧ್ಯವಾಗಿರುವುದು ಈ ಒಂದು ಕೃಪೆಯಿಂದ. ಗಣನೆ ಮಾಡುವ ಕೋರುಗಳ ಸಂಖ್ಯೆಯನ್ನು ಹೆಚ್ಚಾಗಿ ಇಟ್ಟು, ಅವುಗಳನ್ನು ನಿಧಾನವಾಗಿ ನಡೆಸಿದರೆ, ಕಡಿಮೆ ಶಾಖದಲ್ಲಿ ಹೆಚ್ಚು ಕೆಲಸ ಸಾಗುತ್ತದೆ. ಬರಲಿರುವ ಕಾರ್ಡಿನ ಬಲವನ್ನು ಅಳೆಯಹೊರಟವನು ಈ ನಿಯಮವೊಂದನ್ನು ಕೈಯಲ್ಲಿ ಹಿಡಿದಿದ್ದರೆ ಅರ್ಧ ದಾರಿ ನಡೆದಂತಾಯಿತು.

ಅಳತೆಯ ಸಾಧನಗಳ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಫಿನ್ಲೆಂಡ್ ದೇಶದ ಫ್ಯೂಚರ್‌ಮಾರ್ಕ್ ಸಂಸ್ಥೆಯ 3ಡಿಮಾರ್ಕ್ ಎಂಬ ಪರೀಕ್ಷೆ ತೊಂಬತ್ತರ ದಶಕದ ಕೊನೆಯಲ್ಲಿ ಬಂದು, ಕಾರ್ಡಿನ ಯೋಗ್ಯತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ವಾಡಿಕೆಯನ್ನು ಬೇರೂರಿಸಿತು. ಸಂಖ್ಯೆಗೆ ಬೆಲೆ ಬಂದೊಡನೆ ಸಂಖ್ಯೆಯನ್ನು ಉಬ್ಬಿಸುವ ಪ್ರಯತ್ನಗಳೂ ಬಂದುವು: 2001ರಲ್ಲಿ ಎಟಿಐಯ ಚಾಲಕ ತಂತ್ರಾಂಶ ಕ್ವೇಕ್ 3 ಎಂಬ ಆಟದ ಕಡತದ ಹೆಸರನ್ನು ಗುರುತಿಸಿ ಚಿತ್ರದ ಗುಣವನ್ನು ಕುಂದಿಸಿ ವೇಗವನ್ನು ಏರಿಸುತ್ತಿದ್ದುದು ಬೆಳಕಿಗೆ ಬಂದಿತು; 2003ರಲ್ಲಿ ಎನ್‌ವಿಡಿಯದ ತಂತ್ರಾಂಶ 3ಡಿಮಾರ್ಕ್ ಪರೀಕ್ಷೆಯನ್ನೇ ಗುರುತಿಸಿ ಅಡ್ಡಹಾದಿ ಹಿಡಿಯುತ್ತಿರುವುದನ್ನು ಫ್ಯೂಚರ್‌ಮಾರ್ಕ್ ತನಿಖೆ ಮಾಡಿ ಪ್ರಕಟಿಸಿತು. ಬಿಡುಗಡೆಗೆ ಮೊದಲು ಹೇಗೋ ಹೊರಬೀಳುವ ಒಂಟಿ ಅಂಕಿಯನ್ನು ವೇದವಾಕ್ಯವೆಂದು ಹಿಡಿಯುವವರು ಈ ಎರಡು ಪ್ರಸಂಗಗಳನ್ನು ಸ್ಮರಣೆಯಲ್ಲಿಡುವುದು ಒಳ್ಳೆಯದು.

ಶಾಖವು ಈ ವಸ್ತುವಿನ ನಿಜವಾದ ಅಧಿಪತಿಯೆಂಬುದು ಜಗತ್ತಿಗೆ ತಿಳಿದುಬಂದದ್ದು 2008ರಲ್ಲಿ, ಅದೂ ಕಹಿಯಾದ ರೀತಿಯಲ್ಲಿ. ಆ ವರ್ಷದ ಜುಲೈಯಲ್ಲಿ ಎನ್‌ವಿಡಿಯ ತನ್ನ ಹಿಂದಿನ ತಲೆಮಾರಿನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಅಸಹಜ ಪ್ರಮಾಣದಲ್ಲಿ ಕೆಡುತ್ತಿರುವುದನ್ನು ಒಪ್ಪಿಕೊಂಡು, ಅದರ ವೆಚ್ಚಕ್ಕಾಗಿ 15 ಕೋಟಿಯಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸಬೇಕಾಗುವುದೆಂದು ಪ್ರಕಟಿಸಿತು. ಚಿಪ್ಪಿಗೂ ಅದರ ಪೀಠಕ್ಕೂ ನಡುವಿನ ಸೂಕ್ಷ್ಮವಾದ ಬೆಸುಗೆ, ದಿನವೂ ಕಾದು ತಣಿದು ಕಾದು ತಣಿದು, ಕೊನೆಗೆ ಬಿರುಕು ಬಿಡುತ್ತಿತ್ತು. ಪರದೆಯ ತುಂಬ ಗೆರೆಗಳೆದ್ದು ಯಂತ್ರ ಸ್ತಬ್ಧವಾಗುತ್ತಿತ್ತು. ರಿಪೇರಿಯವರು ಚಿಪ್ಪನ್ನು ಕಾಯಿಸಿ ಬೆಸುಗೆಯನ್ನು ಮತ್ತೆ ಕೂಡಿಸುವ ಉಪಾಯವನ್ನು ಕಲಿತರು. ಹಾಗೆ ಬದುಕಿದ ಯಂತ್ರಗಳಿಗೆ ದೀರ್ಘಾಯುಷ್ಯವಿರುತ್ತಿರಲಿಲ್ಲ.

ಇನ್ನು ಹೆಸರುಗಳು ಹುಟ್ಟಿಸಿದ ಭ್ರಾಂತಿಯ ಇತಿಹಾಸ. ಇದರಲ್ಲಿ 2010ನೆಯ ಇಸವಿ ಒಂದು ಮೈಲಿಗಲ್ಲು. ಆ ವರ್ಷ ಮೇಜಿನ ಕಂಪ್ಯೂಟರಿಗೆಂದು ಬಂದ ಎನ್‌ವಿಡಿಯದ ಜಿಟಿಎಕ್ಸ್ 480 ಕಾರ್ಡಿನಲ್ಲಿ 480 ಕೋರುಗಳಿದ್ದು, ಅದು 250 ವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಅದರ ಬೆನ್ನಿಗೇ ಮೇ ತಿಂಗಳಲ್ಲಿ 480ಎಮ್ ಎಂಬ ಲ್ಯಾಪ್‌ಟಾಪ್ ಕಾರ್ಡು ಬರುವುದೆಂದಾಗ, ಹೆಸರಿನಿಂದ ಊಹಿಸಿದವರು ಅಂತಿಮಾಕ್ಷರವೊಂದನ್ನು ಬಿಟ್ಟರೆ ಉಳಿದುದೆಲ್ಲ ಒಂದೇ ಎಂದು ಭಾವಿಸಿದರು. ಬಂದ ವಸ್ತುವಿನಲ್ಲಿ ಇದ್ದುದು 352 ಕೋರುಗಳು. ಮೂಲದ 700 ಮೆಗಾಹರ್ಟ್ಸ್‌ಗೆ ಬದಲಾಗಿ 425. ವಿದ್ಯುತ್ತು 100 ವ್ಯಾಟ್. ವಾಸ್ತವವಾಗಿ ಅದು ಡೆಸ್ಕ್‌ಟಾಪಿನ ಜಿಟಿಎಕ್ಸ್ 465ರ ರಚನೆಯನ್ನು ಇನ್ನಷ್ಟು ನಿಧಾನಗೊಳಿಸಿದ ರೂಪವಾಗಿತ್ತು. 250 ವ್ಯಾಟನ್ನು ಬೇಡುವ ಚಿಪ್ಪು 100 ವ್ಯಾಟಿನ ಮನೆಯಲ್ಲಿ ಹೇಗೆ ತಾನೆ ಇರಬಲ್ಲುದೆಂದು ಒಬ್ಬನು ಕೇಳಿಕೊಂಡಿದ್ದರೆ, ಪ್ರಕಟಣೆಗೆ ಮೊದಲೇ ಉತ್ತರ ಹೊಳೆಯುತ್ತಿತ್ತು.

ಅನಂತರದ ಆರು ವರ್ಷಗಳು ಈ ಅಂತರ ಕ್ರಮೇಣ ಕಿರಿದಾದ ಕಾಲ. 2012ರ 680ಎಮ್‌ನಲ್ಲಿ 1344 ಕೋರುಗಳು, ಡೆಸ್ಕ್‌ಟಾಪಿನ 680ರಲ್ಲಿ 1536. 2014ರ 980ಎಮ್‌ನಲ್ಲಿ 1536, ಡೆಸ್ಕ್‌ಟಾಪಿನಲ್ಲಿ 2048. ಮರುವರ್ಷ ಆ 2048ನ್ನೂ ಇಡಿಯಾಗಿ ಲ್ಯಾಪ್‌ಟಾಪಿಗೆ ತಂದುದಾಯಿತು. 2016ರ ಆಗಸ್ಟಿನಲ್ಲಿ ಪ್ಯಾಸ್ಕಲ್ ತಲೆಮಾರು ಬಂದಾಗ 'ಎಮ್' ಎಂಬ ಅಕ್ಷರವೇ ಲುಪ್ತವಾಯಿತು. ಜಿಟಿಎಕ್ಸ್ 1080 ಎರಡು ಕಡೆಯೂ 2560 ಕೋರುಗಳನ್ನು ಹೊಂದಿತ್ತು. 1070ರ ವಿಷಯದಲ್ಲಂತೂ ಡೆಸ್ಕ್‌ಟಾಪಿನಲ್ಲಿ 1920 ಇದ್ದರೆ ಲ್ಯಾಪ್‌ಟಾಪಿನಲ್ಲಿ 2048. ಕೋರು ಹೆಚ್ಚು, ವೇಗ ತುಸು ಕಡಿಮೆ. ಮೇಲೆ ವಿವರಿಸಿದ ನಿಯಮವನ್ನು ಇಷ್ಟು ಪ್ರಾಮಾಣಿಕವಾಗಿ, ಕೊಳ್ಳುವವನಿಗೆ ಅನುಕೂಲವಾಗುವಂತೆ ಪ್ರಯೋಗಿಸಿದ ಇನ್ನೊಂದು ನಿದರ್ಶನವನ್ನು ನಾನು ಕಾಣೆ. ಈ ಉದ್ಯಮದ ಇತಿಹಾಸದಲ್ಲಿ ಹೆಸರಿಗೂ ವಸ್ತುವಿಗೂ ಸಾಮರಸ್ಯವಿದ್ದ ಶುಭ್ರವಾದ ಕಾಲವದು. ಆಗ ಯಂತ್ರ ಕೊಂಡವರು ಹಲವು ವರ್ಷ ಅದನ್ನು ಹೊಗಳಿ ಉಪಯೋಗಿಸಿದರೆ ಆಶ್ಚರ್ಯವಿಲ್ಲ.

ಆ ಕಾಲ ದೀರ್ಘವಾಗಿ ಉಳಿಯಲಿಲ್ಲ. ದಪ್ಪನೆಯ ಭಾರವಾದ ಲ್ಯಾಪ್‌ಟಾಪು ಜನರಿಗೆ ರುಚಿಸದಾಯಿತು. 2017ರ ಮೇ ತಿಂಗಳಲ್ಲಿ ಎನ್‌ವಿಡಿಯ ಮ್ಯಾಕ್ಸ್-ಕ್ಯೂ ಎಂಬ ಯೋಜನೆಯನ್ನು ಘೋಷಿಸಿ, ಅದೇ 1080ನ್ನು 90ರಿಂದ 110 ವ್ಯಾಟಿನ ಮಿತಿಯಲ್ಲಿ ನಡೆಸಿ ತೆಳ್ಳನೆಯ ಯಂತ್ರಗಳಲ್ಲಿ ಕೂರಿಸಿತು. ಡೆಸ್ಕ್‌ಟಾಪಿನ 1080ಕ್ಕೆ ಬೇಕಾಗಿದ್ದುದು 180. ತಾಂತ್ರಿಕವಾಗಿ ಇದು ಶ್ಲಾಘ್ಯವಾದ ಸಾಧನೆಯೇ. ಆದರೆ ಅಂದಿನಿಂದ ಒಂದೇ ಹೆಸರಿನ ಕಾರ್ಡು ಯಂತ್ರದಿಂದ ಯಂತ್ರಕ್ಕೆ ಬೇರೆ ಬೇರೆ ಬಲವನ್ನು ಹೊಂದುವ ಪರಿಪಾಟಿ ಬೆಳೆಯಿತು. 2021ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 3080 ಲ್ಯಾಪ್‌ಟಾಪ್ ಕಾರ್ಡಿನ ವಿದ್ಯುನ್ಮಿತಿ 80ರಿಂದ 150 ವ್ಯಾಟುಗಳವರೆಗೆ ಎಲ್ಲಿ ಬೇಕಾದರೂ ಇರಬಹುದಾಗಿತ್ತು. ಕೋರುಗಳು 6144, ಅದೇ ಹೆಸರಿನ ಡೆಸ್ಕ್‌ಟಾಪ್ ಕಾರ್ಡಿನಲ್ಲಿ 8704. 80 ವ್ಯಾಟಿನ 3080ನ್ನು ಕೊಂಡವನು, ಕಡಿಮೆ ಬೆಲೆಗೆ ಹೆಚ್ಚು ವ್ಯಾಟಿನ 3070ನ್ನು ಕೊಂಡ ನೆರೆಯವನಿಗಿಂತ ಹಿಂದೆ ಬೀಳುವ ಸಂದರ್ಭಗಳೂ ಒದಗಿಬಂದುವು.

ಇಲ್ಲಿ ಕುಂದಾಪುರ ಸೀಮೆಯ ಜನರಿಗೆ ಒಂದು ದೃಷ್ಟಾಂತವನ್ನು ಕೊಡುವುದು ಯುಕ್ತವೆಂದು ತೋರುತ್ತದೆ. ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 460 ಮೆಗಾವ್ಯಾಟ್. 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳು ಅಲ್ಲಿವೆ. ಆದರೆ ಅದು ಯಾವ ದಿನ ಎಷ್ಟು ವಿದ್ಯುತ್ತನ್ನು ಕೊಡುತ್ತದೆಂಬುದು ಮೇಲಣ ಜಲಾಶಯದ ನೀರನ್ನು ಅವಲಂಬಿಸಿದೆಯೆಂಬುದನ್ನು ಆ ದಾರಿಯಲ್ಲಿ ಓಡಾಡುವ ಯಾವನೂ ಬಲ್ಲನು. ಲ್ಯಾಪ್‌ಟಾಪಿನ ಕಾರ್ಡಿಗೆ ಹೆಸರೆಂಬುದು ಆ ಸ್ಥಾಪಿತ ಸಾಮರ್ಥ್ಯದ ಫಲಕ. ಯಂತ್ರ ತಯಾರಕನು ಅದಕ್ಕೆ ನಿಗದಿಮಾಡಿದ ವ್ಯಾಟುಗಳೂ, ಶಾಖವನ್ನು ಹೊರಗೆಡಹುವ ವ್ಯವಸ್ಥೆಯೂ ಜಲಾಶಯದ ನೀರು.

2023ರ ಆರ್‌ಟಿಎಕ್ಸ್ 4090 ಈ ಮಾತಿಗೆ ಪೂರ್ಣವಾದ ಸಾಕ್ಷಿಯನ್ನು ಒದಗಿಸಿತು. ಡೆಸ್ಕ್‌ಟಾಪಿನ 4090 ಆ ವೇಳೆಗಾಗಲೇ 16384 ಕೋರುಗಳಿಂದಲೂ 450 ವ್ಯಾಟುಗಳಿಂದಲೂ ಪ್ರಸಿದ್ಧವಾಗಿತ್ತು. ಲ್ಯಾಪ್‌ಟಾಪಿನ 4090ರಲ್ಲಿ ಕಂಡುಬಂದುದು 9728 ಕೋರುಗಳು, ಮೂಲ ಮಿತಿಯಲ್ಲಿ ಹೆಚ್ಚೆಂದರೆ 150 ವ್ಯಾಟುಗಳು. ಅಂದರೆ ಡೆಸ್ಕ್‌ಟಾಪಿನ 4080ರ ಕೋರುಗಳ ಸಂಖ್ಯೆ, ಆದರೆ ಅದರ 320 ವ್ಯಾಟಿನಲ್ಲಿ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು. ಎರಡು ವರ್ಷಗಳ ತರುವಾಯ, 2025ರಲ್ಲಿ, ಆರ್‌ಟಿಎಕ್ಸ್ 5090 ಬಂದಾಗ ಅಂತರ ಇನ್ನೂ ಹಿರಿದಾಯಿತು: ಮೇಜಿನ ಮೇಲೆ 21760 ಕೋರುಗಳೂ 575 ವ್ಯಾಟೂ, ತೊಡೆಯ ಮೇಲೆ 10496 ಕೋರುಗಳು, ಮಿತಿ ಹಿಂದಿನಂತೆಯೇ ಸುಮಾರು 150 ವ್ಯಾಟ್. ಆ ಕಾರ್ಡು ಬರುವುದಕ್ಕೆ ಮೊದಲು ಅದು ಹಿಂದಿನದಕ್ಕಿಂತ ಒಂದೂವರೆ ಪಾಲು ಬಲಶಾಲಿಯಾದೀತೆಂದು ಆಶಿಸಿದವರುಂಟು. ಲೆಕ್ಕ ಹಾಕಿದವನಿಗೆ ಬೇರೆಯೇ ಉತ್ತರ ದೊರಕುತ್ತಿತ್ತು. ಕೋರುಗಳ ಸಂಖ್ಯೆ 9728ರಿಂದ 10496ಕ್ಕೆ, ಅಂದರೆ ಸುಮಾರು ಶೇಕಡಾ 8ರಷ್ಟು ಮಾತ್ರ ಏರಿದೆ. ಟ್ರಾನ್ಸಿಸ್ಟರುಗಳನ್ನು ಕಿರಿದು ಮಾಡುವ ತಯಾರಿಕೆಯ ಸೂಕ್ಷ್ಮತೆ ಹಿಂದಿನ ತಲೆಮಾರಿನದೇ. ವಿದ್ಯುತ್ತಿನ ಮಿತಿ ಬದಲಾಗಿಲ್ಲ. ಹೀಗಿರುವಾಗ ಬಲದ ವೃದ್ಧಿ ಅಲ್ಪವಾಗಿಯೇ ಇರತಕ್ಕದ್ದು, ಇದ್ದುದೂ ಹಾಗೆಯೇ. ನಿಜವಾದ ಲಾಭ ದೊರೆತದ್ದು ಸ್ಮೃತಿಯಲ್ಲಿ: 16 ಜಿ.ಬಿ. ಇದ್ದುದು 24 ಆಯಿತು. ದೀರ್ಘವಾದ ವೀಡಿಯೋಗಳನ್ನು ಜೋಡಿಸುವವನಿಗೆ, ಮೂರು ಆಯಾಮಗಳ ದೃಶ್ಯಗಳನ್ನು ಕಟ್ಟುವವನಿಗೆ ಇದು ಕೋರುಗಳಿಗಿಂತ ದೊಡ್ಡ ವರ.

ಅದೇ 2025ರ ಜನವರಿಯಲ್ಲಿ ಜೆನ್ಸನ್ ಹುವಾಂಗ್ ವೇದಿಕೆಯ ಮೇಲಿಂದ ಹೊಸ ಆರ್‌ಟಿಎಕ್ಸ್ 5070 ಹಳೆಯ 4090ಕ್ಕೆ ಸಮನಾದ ಬಲವನ್ನು ಕೊಡುವುದೆಂದು ಸಾರಿದರು. ಯಂತ್ರವು ನಿಜವಾಗಿ ಗಣಿಸಿದ ಒಂದು ಚಿತ್ರದ ಜೊತೆಗೆ ಕೃತಕ ಬುದ್ಧಿಯಿಂದ ಮೂರು ಚಿತ್ರಗಳವರೆಗೆ ಊಹಿಸಿ ಸೇರಿಸಿಕೊಳ್ಳುವ ಹೊಸ ತಂತ್ರವನ್ನೂ ಲೆಕ್ಕಕ್ಕೆ ಹಿಡಿದ ಮಾತದು. ಆಟವಾಡುವವನ ಕಣ್ಣಿಗೆ ಚಲನೆ ನಯವಾಗಿ ಕಾಣುವುದು ಸತ್ಯ. ಆದರೆ ಯಕ್ಷಗಾನದ ಎಂಟು ಗಂಟೆಗಳ ಚಿತ್ರಣವನ್ನು ಬಣ್ಣ ತಿದ್ದಿ ಹೊರತೆಗೆಯಬೇಕಾದವನಿಗೆ ಆ ಊಹೆಯ ಚಿತ್ರಗಳು ಒಂದು ನಿಮಿಷವನ್ನೂ ಉಳಿಸಿಕೊಡವು. ಇಬ್ಬರ ಪ್ರಯೋಜನಗಳು ಭಿನ್ನವಾಗಿರುವಾಗ ಒಂದೇ ಅಳತೆಗೋಲು ಇಬ್ಬರಿಗೂ ಸಲ್ಲದು.

ಈಗ ನಮ್ಮ ಕರಾವಳಿಗೆ ವಿಶಿಷ್ಟವಾದ ಅಂಶಕ್ಕೆ ಬರುತ್ತೇನೆ. ಈ ಬರಹದಲ್ಲಿ ನಾನು ಅತ್ಯಂತ ಮಹತ್ತ್ವ ಕೊಡುವ ಅಂಶವೂ ಇದೇ. ಕಾರ್ಡುಗಳ ಬಲವನ್ನು ಪರೀಕ್ಷಿಸಿ ಪ್ರಕಟಿಸುವವರು ಬಹುಮಟ್ಟಿಗೆ ತಂಪು ದೇಶಗಳಲ್ಲಿಯೋ, ಹವಾನಿಯಂತ್ರಿತ ಕೋಣೆಗಳಲ್ಲಿಯೋ ಕುಳಿತವರು. ಆ ಕೋಣೆಯ ಉಷ್ಣತೆ 23 ಡಿಗ್ರಿಯೆಂದೂ, ಚಿಪ್ಪು 83 ಡಿಗ್ರಿಯನ್ನು ಮೀರದಂತೆ ಯಂತ್ರ ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುತ್ತದೆಂದೂ ಇಟ್ಟುಕೊಳ್ಳೋಣ. ಎರಡರ ಅಂತರ 60. ಏಪ್ರಿಲ್ ಮೇ ತಿಂಗಳುಗಳಲ್ಲಿ ಬೈಂದೂರಿನ ಮನೆಯೊಂದರ ಮಾಳಿಗೆಯ ಕೋಣೆಯಲ್ಲಿ, ಫ್ಯಾನು ತಿರುಗುತ್ತಿದ್ದರೂ, 33 ಡಿಗ್ರಿ ಇರುವುದು ಅಪೂರ್ವವೇನಲ್ಲ. ಆಗ ಅಂತರ 50ಕ್ಕೆ ಇಳಿಯಿತು. ಶಾಖ ಹೊರಹೋಗುವ ಪ್ರಮಾಣ ಈ ಅಂತರವನ್ನು ಹೆಚ್ಚುಕಡಿಮೆ ಅನುಸರಿಸುವುದರಿಂದ, ಅಲ್ಲಿ 150 ವ್ಯಾಟನ್ನು ನಿಭಾಯಿಸಿದ ಅದೇ ವ್ಯವಸ್ಥೆ ಇಲ್ಲಿ ನಿಭಾಯಿಸಬಲ್ಲುದು ಸುಮಾರು 125ನ್ನು. ಘನದ ನಿಯಮದಂತೆ ವೇಗದಲ್ಲಿ ನಷ್ಟವಾಗುವುದು ಶೇಕಡಾ 6ರ ಆಸುಪಾಸು. ಇದು ಭಯಪಡಬೇಕಾದ ನಷ್ಟವಲ್ಲದಿದ್ದರೂ, ಹೊಸ ತಲೆಮಾರೊಂದು ತಂದ ವೃದ್ಧಿಯೇ ಅಷ್ಟರದಾಗಿದ್ದಾಗ, ಹೊಸದನ್ನು ಕೊಂಡ ಸಂತೋಷವನ್ನು ಮಾಳಿಗೆಯ ಸೆಕೆಯೇ ಕಸಿದುಕೊಂಡಂತಾಗುತ್ತದೆ. ತೆಳ್ಳನೆಯ ಯಂತ್ರಗಳಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ಶಾಖವಾಹಕ ನಾಳಗಳು ಒಂದೇ ಆಗಿರುವುದರಿಂದ ಅಲ್ಲಿ ನಷ್ಟ ಇನ್ನೂ ಹೆಚ್ಚು.

ಮಳೆಗಾಲದ ತೇವ ಯಂತ್ರವನ್ನು ಬಿಸಿಮಾಡುತ್ತದೆಂಬ ನಂಬಿಕೆಯೊಂದು ನಮ್ಮಲ್ಲಿ ಪ್ರಚಲಿತವಾಗಿದೆ, ಅದು ಸರಿಯಲ್ಲ. ತೇವದಿಂದ ಬಳಲುವುದು ಬೆವರು ಆರದ ನಮ್ಮ ದೇಹ. ಚಿಪ್ಪಿಗೆ ಬೆವರಿಲ್ಲ, ಅದು ಗಾಳಿಯ ಉಷ್ಣತೆಯನ್ನು ಮಾತ್ರ ಬಲ್ಲದು. ತೇವದ ಅಪಕಾರ ಬೇರೆ ವಿಧದ್ದು: ಧೂಳು ಒದ್ದೆಯಾಗಿ ಫ್ಯಾನಿನ ಹಿಂದಣ ಲೋಹದ ಎಲೆಗಳಿಗೆ ಅಂಟಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತದೆ, ಕಡಲಿಗೆ ತೀರ ಸಮೀಪದಲ್ಲಿ ಉಪ್ಪಿನ ಅಂಶವೂ ಸೇರಿ ಲೋಹವನ್ನು ತಿನ್ನುತ್ತದೆ. ಮರವಂತೆ ಗಂಗೊಳ್ಳಿಗಳ ಕಡೆ ಇರುವವರು ಮಳೆ ಮುಗಿದೊಡನೆ ವರ್ಷಕ್ಕೊಮ್ಮೆ ಯಂತ್ರವನ್ನು ಬಿಚ್ಚಿಸಿ ಸ್ವಚ್ಛಗೊಳಿಸಿದರೆ, ಕಳೆದುಹೋದ ಬಲದಲ್ಲಿ ಬಹುಪಾಲು ಹೆಚ್ಚು ಖರ್ಚಿಲ್ಲದೆ ಮರಳಿ ಬರುತ್ತದೆ. ವಿದ್ಯುತ್ತು ಹೋದಾಗ ಬ್ಯಾಟರಿಯ ಮೇಲೆ ನಡೆಯುವ ಗ್ರಾಫಿಕ್ಸ್ ಕಾರ್ಡು ತನ್ನ ಪೂರ್ಣ ಬಲದ ಒಂದಂಶವನ್ನು ಮಾತ್ರ ಕೊಡುತ್ತದೆಂಬುದನ್ನೂ ಊಹಿಸುವವರು ಮರೆಯಲಾಗದು. ಚಂಡಮಾರುತದ ರಾತ್ರಿ ಎಡಿಟಿಂಗ್ ಮುಗಿಸಬೇಕಾದವನಿಗೆ 5090ರ ಹೆಸರಿಗಿಂತ ಮನೆಯ ಇನ್ವರ್ಟರಿನ ಸಾಮರ್ಥ್ಯ ಹೆಚ್ಚಿನ ಆಸರೆ.

ಹೀಗೆ ನೋಡಿದರೆ ಬರಲಿರುವ ಕಾರ್ಡಿನ ವಿಚಾರದಲ್ಲಿ ಊಹಿಸುವುದೇ ವ್ಯರ್ಥವೆಂದು ನಾನು ಹೇಳಲಾರೆ. ಚಿಪ್ಪನ್ನು ತಯಾರಿಸುವ ಕಾರ್ಖಾನೆಯ ಸೂಕ್ಷ್ಮತೆ ಒಂದು ಹೆಜ್ಜೆ ಮುಂದೆ ಹೋಗಿದೆಯೆ, ಕೋರುಗಳು ಎಷ್ಟು ಏರಿವೆ, ಸ್ಮೃತಿಯ ಗಾತ್ರವೂ ಅದರ ದಾರಿಯ ಅಗಲವೂ ಬದಲಾಗಿವೆಯೆ, ವ್ಯಾಟಿನ ಮಿತಿ ಎಲ್ಲಿ ನಿಂತಿದೆ ಎಂಬಿಷ್ಟನ್ನು ತಿಳಿದು, ಘನದ ನಿಯಮವನ್ನು ಅನ್ವಯಿಸಿ, ನಮ್ಮ ಸೆಕೆಯ ಪಾಲನ್ನು ಕಳೆದವನ ಅಂದಾಜು ಸತ್ಯಕ್ಕೆ ಬಹಳ ದೂರವಿರಲಾರದು. ಸೂಕ್ಷ್ಮತೆ ಮುಂದುವರಿಯದ ವರ್ಷದಲ್ಲಿ ಕಾಯುವುದರಿಂದ ಪ್ರಯೋಜನ ಕಡಿಮೆ. ಹೊಸದು ಬಂದಾಗ ಬೆಲೆಯಿಳಿಯುವ ಹಳೆಯದನ್ನು, ವ್ಯಾಟ್ ಹೆಚ್ಚಿರುವುದನ್ನು ಆರಿಸಿ ಕೊಳ್ಳುವುದೇ ಲೇಸು. ಸೂಕ್ಷ್ಮತೆ ಮುಂದೆ ಹೆಜ್ಜೆಯಿಡುವ ವರ್ಷದಲ್ಲಿ ಕಾಯುವುದಕ್ಕೆ ಅರ್ಥವುಂಟು. ಸ್ಯಾಮ್‌ಸಂಗಿನ 8 ನ್ಯಾನೋಮೀಟರ್ ತಯಾರಿಕೆಯಿಂದ ತೈವಾನಿನ ಟಿಎಸ್‌ಎಮ್‌ಸಿಯ ಹೆಚ್ಚು ಸೂಕ್ಷ್ಮವಾದ ತಯಾರಿಕೆಗೆ ಲ್ಯಾಪ್‌ಟಾಪ್ ಕಾರ್ಡುಗಳಲ್ಲಿ ಎನ್‌ವಿಡಿಯ ತೆರಳಿದ 2023ರಲ್ಲಿ ಕಾದವರಿಗೆ ಅದೇ ವ್ಯಾಟಿನಲ್ಲಿ ಗಣನೀಯವಾದ ಲಾಭವಾಯಿತು.

ಕೊನೆಯದಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಅಂಗಡಿಯ ಯಜಮಾನರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಲ್ಯಾಪ್‌ಟಾಪಿನ ಬೆಲೆಚೀಟಿಯ ಮೇಲೆ ಕಾರ್ಡಿನ ಹೆಸರನ್ನು ಬರೆಯುವಾಗ, ಅದರ ಪಕ್ಕದಲ್ಲಿಯೇ ಆ ಯಂತ್ರದಲ್ಲಿ ಅದಕ್ಕೆ ನಿಗದಿಯಾದ ವ್ಯಾಟುಗಳನ್ನೂ ಸ್ಮೃತಿಯ ಜಿ.ಬಿ.ಯನ್ನೂ ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಿರಿ. ತಯಾರಕರ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಈ ಅಂಕಿಗಳು ದೊರೆಯುತ್ತವೆ. ಕೊಳ್ಳಲು ಬರುವ ತಂದೆತಾಯಿಗಳೂ ವಿದ್ಯಾರ್ಥಿಗಳೂ ಚೀಟಿಯಲ್ಲಿ ಆ ಎರಡು ಅಂಕಿಗಳಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಲಿ, ಅನಂತರವೇ ಹಣವನ್ನು ಎಣಿಸಲಿ.